ಸ್ಕೂಟರಿನ ಕ್ಲಚ್ ವೈರು

ನಮ್ಮ ಜಿಮ್ಮಿ ಎರಡು ರಾತ್ರಿ ಮನೆಗೆ ಬರಲಿಲ್ಲ. ಚಿರತೆ ಹೊತ್ತುಕೊಂಡು ಹೋಯಿತು ಎಂದು ಅವ್ವ ತೀರ್ಮಾನ ಮಾಡಿ ಅದರ ಅನ್ನದ ತಟ್ಟೆಯನ್ನು ತೊಳೆದು ಕವುಚಿಯೂ ಆಗಿತ್ತು. ಮೂರನೇ ದಿನ ಬೆಳಿಗ್ಗೆ ಗದ್ದೆಯ ಮೇಲಿನ ಬಾಣೆಯ, ಅಂದರೆ ಮರ ಹುಲ್ಲಿರುವ ದಿಣ್ಣೆ ಜಾಗದ, ಬೇಲಿಯಲ್ಲಿ ನಾಯಿ ಸಿಕ್ಕಿತು. ಮುಂಗಾಲಿಗೆ ಬಿದ್ದ ತಂತಿ ಮೂಳೆಯವರೆಗೆ ಇಳಿದಿತ್ತು. ಎಳೆದಾಡಿ ಎಳೆದಾಡಿ ಸುತ್ತಲಿನ ನೆಲವನ್ನೆಲ್ಲ ಉತ್ತಂತೆ ಮಾಡಿಬಿಟ್ಟಿತ್ತು. ಅದು ಬೊಗಳಿದ್ದರೆ ಕೇಳುವಷ್ಟು ಹತ್ತಿರದಲ್ಲೇ ಮನೆಯಿದೆ. ಬೊಗಳುವ ಶಕ್ತಿ ಯಾವಾಗ ಹೋಯಿತೋ.

ಕಟಿಂಗ್ ಪ್ಲೇಯರ್ ತಂದು ತಂತಿ ಕತ್ತರಿಸುವಾಗ ಕೈಯಲ್ಲಿದ್ದುದನ್ನು ಸರಿಯಾಗಿ ನೋಡಿದೆ. ಸ್ಕೂಟರಿನ ಕ್ಲಚ್ ವೈರು. ತುದಿಯಲ್ಲಿ ಹಸಿರು ಇನ್ಸುಲೇಷನ್ ಟೇಪು. ಆ ಟೇಪು ಸುತ್ತಿದವನು ನಾನೇ. ಹಳೆಯ ಸ್ಕೂಟರ್ ಮಾರುವ ಮೊದಲು ವೈರು ಬದಲಾಯಿಸಿ, ಕಿತ್ತದ್ದನ್ನು ಗೋದಾಮಿನ ಮೂಲೆಗೆ ಎಸೆದಿದ್ದೆ.

ಇದು ಆಗಿ ಒಂಬತ್ತು ವರ್ಷವಾಯಿತು. ಅಂದಿನಿಂದ ಮಳೆಗಾಲದ ಒಂದೆರಡು ತಿಂಗಳು ಬಿಟ್ಟರೆ ಪ್ರತಿ ವಾರ ತೋಟದ ಅಂಚು ನಡೆದು, ಪ್ರಾಣಿ ಹಿಡಿಯಲು ಕಟ್ಟುವ ಇಂಥ ತಂತಿಯ ಉರುಳು ತೆಗೆಯುತ್ತಾ ಬಂದಿದ್ದೇನೆ. ನಮ್ಮ ತೋಟ ದಕ್ಷಿಣ ಕೊಡಗಿನಲ್ಲಿ, ನಾಗರಹೊಳೆ ಕಾಡಿಗೆ ತೀರಾ ದೂರವಲ್ಲದ ಕಡೆ ಇದೆ. ನಡುವೆ ಆನೆ ಕಂದಕ, ಸೋಲಾರ್ ಬೇಲಿ, ನಾಲ್ಕಾರು ಬೇರೆ ತೋಟಗಳು. ಹಂದಿಗೆ, ಕಾಡುಕುರಿಗೆ, ಕಡವೆಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ಅವುಗಳ ಹಿಂದೆಯೇ ಬರುವ ಹುಲಿಗೂ ಇಲ್ಲ.

ಮೊದಲು ಮಾಡಿದ ಕೆಲಸ ಎಂದರೆ ಸಿಟ್ಟು. ತೋಟದ ಆಳುಗಳ ಲೈನ್ ಮನೆಯವರನ್ನೆಲ್ಲ ಕಣದಲ್ಲಿ ನಿಲ್ಲಿಸಿ ಕೂಗಾಡಿದೆ. ಯಾರೂ ಬಾಯಿಬಿಡಲಿಲ್ಲ. ಸಂಜೆ ನಮ್ಮ ಹಳೆಯ ಆಳು ಒಬ್ಬನೇ ಬಂದು ಅಂಗಳದ ಕೆಳಗೆ ನಿಂತ. ನನ್ನ ಅಜ್ಜನ ಬೇಟೆಗೆ ಹುಡುಗನಾಗಿದ್ದಾಗ ಕಾಡು ಸೋವಲು, ಅಂದರೆ ಪ್ರಾಣಿಗಳನ್ನು ಬೆದರಿಸಿ ಎಬ್ಬಿಸಲು, ಹೋಗುತ್ತಿದ್ದವನು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯ ಬಸ್ಸಿಗೆ ಬಿಡುತ್ತಿದ್ದವನು.

"ಹಂದಿಗೆ ಕಟ್ಟಿದ್ದು ಸಾಹುಕಾರ್ರೇ. ಗದ್ದೆ ಪೂರ್ತಿ ಹೋಗ್ತಿತ್ತಲ್ಲ. ದೊಡ್ಡ ಸಾಹುಕಾರ್ರು ಇದ್ದಾಗ ಗದ್ದೆಗೆ ಬಂದ ಹಂದಿ ನಮ್ಮದು ಅಂತಿದ್ರು."

ಅಜ್ಜ ಹಾಗೆ ಹೇಳುತ್ತಿದ್ದುದು ನಿಜ. ನಾನೂ ಕೇಳಿದ್ದೇನೆ. ಹಾಗಾಗಿ ಆ ರಾತ್ರಿ ಅವನ ಮೇಲೆ ಕಂಪ್ಲೇಂಟ್ ಕೊಡುವ ಬದಲು, ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯಿಂದ ತಂದಿಟ್ಟಿದ್ದ ಅಜ್ಜನ ಟ್ರಂಕನ್ನು ತೆಗೆದೆ.

ಟ್ರಂಕಿನಲ್ಲಿ ಕೋವಿಯ ಕಾಗದಗಳ ಜೊತೆ ಒಂದು ನೋಟ್‌ಬುಕ್ ಇತ್ತು. ತಾರೀಕು, ಜಾಗ, ಪ್ರಾಣಿ, ಯಾರ ಗುಂಡು, ಯಾರಿಗೆ ಎಷ್ಟು ಪಾಲು, ನಾಯಿಗಳಿಗೆ ಎಷ್ಟು ಎಂದು ಅಜ್ಜ ಜಮಾಖರ್ಚಿನ ಹಾಗೆ ಬರೆದಿಟ್ಟಿದ್ದರು. ಓದುತ್ತಾ ಎರಡು ವಿಷಯ ಕಣ್ಣಿಗೆ ಬಿತ್ತು. ಮಳೆಗಾಲದ ತಿಂಗಳುಗಳಲ್ಲಿ ಕಡವೆಯ ಹೆಸರೇ ಇಲ್ಲ. ಉರುಳಿನ ಹೆಸರು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ಉರುಳು ಹಾಕಿದ್ದರೆ ಬರೆಯುತ್ತಿರಲಿಲ್ಲವೇನೋ ಎಂಬ ಅನುಮಾನವೂ ಬಂತು. ಆದರೆ ಅಜ್ಜ ಸಾಲವನ್ನೂ ಇಸ್ಪೀಟಿನಲ್ಲಿ ಸೋತದ್ದನ್ನೂ ಅದೇ ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ. ಮುಚ್ಚಿಡುವ ಜಾತಿಯ ಮನುಷ್ಯನಲ್ಲ.

ಮಡಿಕೇರಿಯಲ್ಲಿ ವಕೀಲಿಕೆ ಮಾಡುವ ಚಿಕ್ಕಪ್ಪನ ಮಗನ ಹತ್ತಿರ ಕೂತು ಹಳೆಯ ಕಾಯ್ದೆಗಳನ್ನು ತಿರುವಿ ಹಾಕಿದ ಮೇಲೆ ಅಜ್ಜನ ಮಾತು ಎಲ್ಲಿಂದ ಬಂತೆಂದು ಅರ್ಥವಾಯಿತು. 1912ರ ಕಾಡು ಪಕ್ಷಿ ಮತ್ತು ಪ್ರಾಣಿ ಸಂರಕ್ಷಣಾ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಮಾಡಿದ್ದು. 1834ರಿಂದ ಕೊಡಗೂ ಅದರೊಳಗೇ ಇತ್ತಲ್ಲ. ಸರ್ಕಾರ ಇಂತಿಂಥ ತಿಂಗಳು ಇಂತಿಂಥ ಪ್ರಾಣಿಯನ್ನು ಹೊಡೆಯಬಾರದು ಎಂದು ಸಾರಬಹುದಿತ್ತು. ಮೊದಲ ತಪ್ಪಿಗೆ 50 ರೂಪಾಯಿಯವರೆಗೆ ದಂಡ. ಪಟ್ಟಿಯಲ್ಲಿ ಜಿಂಕೆ, ಕಾಟಿ, ಮೊಲ, ಕಾಡುಕೋಳಿ, ನವಿಲು ಎಲ್ಲ ಇವೆ. ಹುಲಿ ಇಲ್ಲ! ಹಂದಿಯೂ ಇಲ್ಲ. ಹುಲಿಯನ್ನು ಯಾವಾಗ ಬೇಕಾದರೂ ಹೊಡೆಯಬಹುದಾದ ಕಾಲ ಅದು. ನಮ್ಮಲ್ಲಂತೂ ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ನರಿ ಮಂಗಲ ಮಾಡುತ್ತಿದ್ದರು. ನಮ್ಮ ಭಾಷೆ ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಇದು ಗೊತ್ತಿಲ್ಲದ ಬಯಲುಸೀಮೆಯ ನನ್ನ ಗೆಳೆಯನೊಬ್ಬ ಒಂದು ಸಲ ಜೋರಾಗಿ ನಕ್ಕು, ನಮ್ಮ ತಾಯಿಯ ಕೈಯಲ್ಲಿ ಬೈಸಿಕೊಂಡಿದ್ದ. ತಾಯಿ ಎಂದರೆ ನಮ್ಮಲ್ಲಿ ಅಜ್ಜಿ. ಅದನ್ನೂ ಅವನಿಗೆ ಬಿಡಿಸಿ ಹೇಳಬೇಕಾಯಿತು.

ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ. ಪ್ರಾಣ ಉಳಿಸಿಕೊಳ್ಳಲು ಮಾತ್ರವಲ್ಲ, ಪ್ರಾಮಾಣಿಕವಾಗಿ ಆಸ್ತಿ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೂ ಕಾಯ್ದೆ ಅನ್ವಯಿಸದು. ಗದ್ದೆಗೆ ಬಂದ ಹಂದಿ ನಮ್ಮದು ಎಂಬ ಅಜ್ಜನ ಮಾತು ಅಲ್ಲಿಗೆ ಸರಿಯಾಗಿ ಕೂರುತ್ತದೆ. ಆದರೆ ರಿಸರ್ವ್ ಕಾಡಿನೊಳಗೆ ಕಥೆ ಬೇರೆ. 1927ರ ಅರಣ್ಯ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ, ನಿಯಮ ಮೀರಿ ಬೇಟೆಯಾಡುವುದು, ನೀರಿಗೆ ವಿಷ ಹಾಕುವುದು, ಬೋನು ಉರುಳು ಇಡುವುದು ಎಲ್ಲವೂ ಅಪರಾಧ. ಕಾಡನ್ನೇ ಮನೆ ಮಾಡಿಕೊಂಡಿದ್ದ ಜೇನು ಕುರುಬರಿಗೆ, ಎರವರಿಗೆ ಈ ಕಾಯ್ದೆಗಳನ್ನು ಮಾಡುವಾಗ ಯಾರೂ ಕೇಳಿದ್ದಿಲ್ಲ. ಹೊಟ್ಟೆಗೆ ಒಂದು ಮೊಲ ಹಿಡಿದವನು ಕಳ್ಳನಾದ, ಗೋಡೆಗೆ ಕೊಂಬು ತೂಗುಹಾಕಲು ಹೊಡೆದ ದೊರೆ ಶಿಕಾರಿಯಾದ. ನಮ್ಮಜ್ಜನೂ ಆ ದೊರೆಗಳ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ; ಇದನ್ನು ಬರೆಯದೆ ಬಿಟ್ಟರೆ ಮೋಸವಾಗುತ್ತದೆ.

1955ರಲ್ಲಿ, ಕೊಡಗು ಇನ್ನೂ ಬೇರೆಯೇ ಒಂದು ಪುಟ್ಟ ರಾಜ್ಯವಾಗಿದ್ದಾಗ, ನಾಗರಹೊಳೆ ಅಭಯಾರಣ್ಯವಾಯಿತು. ಮರುವರ್ಷ ನವೆಂಬರಿನಲ್ಲಿ ನಾವು ಮೈಸೂರಿಗೆ ಸೇರಿದೆವು. ಅಜ್ಜನ ಪುಸ್ತಕದಲ್ಲಿ ಕಾಡಿನೊಳಗಿನ ಹಡ್ಲುಗಳ (ಜೌಗು ಹುಲ್ಲುಗಾವಲುಗಳ) ಹೆಸರುಗಳು ಅಲ್ಲಿಂದಾಚೆ ಕಡಿಮೆಯಾಗುತ್ತವೆ, ತೋಟ ಬಾಣೆಗಳ ಹೆಸರು ಹೆಚ್ಚುತ್ತವೆ. ಕೊನೆಯ ನಮೂದು 1972ರ ಬೇಸಿಗೆಯದು. ಆ ವರ್ಷ ಸೆಪ್ಟೆಂಬರಿನಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

ಈಗಿನವರು ಗಮನಿಸದ ಒಂದು ಸಂಗತಿ: 1972ರ ಕಾಯ್ದೆ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ಲೈಸೆನ್ಸ್ ಪಡೆದು ಆಡಬಹುದಿತ್ತು. ದೊಡ್ಡ ಬೇಟೆಗೊಂದು, ಸಣ್ಣ ಬೇಟೆಗೊಂದು, ವಿಶೇಷ ಬೇಟೆಗೊಂದು. ಜೀವಂತ ಹಿಡಿಯುವುದಕ್ಕೂ ಬೇರೆ ಲೈಸೆನ್ಸ್ ಇತ್ತು. ಲೈಸೆನ್ಸ್ ಇದ್ದವನಿಗೂ 17ನೇ ಸೆಕ್ಷನ್ನಿನಲ್ಲಿ ಉದ್ದನೆಯ ನಿಷೇಧದ ಪಟ್ಟಿ. ಸೂರ್ಯ ಮುಳುಗಿದ ಮೇಲೆ ಹೊಡೆಯಬಾರದು. ಜೀಪಿನಲ್ಲಿ ಕೂತು ಹೊಡೆಯಬಾರದು. ಟಾರ್ಚು ಬಿಡಬಾರದು. ನೀರು ಕುಡಿಯುವ ಜಾಗದಲ್ಲಿ, ಉಪ್ಪು ನೆಕ್ಕುವ ಜಾಗದಲ್ಲಿ ಕಾದು ಕೂರಬಾರದು. ವಿಷ, ಸಿಡಿಮದ್ದು, ಬಲೆ, ಗುಂಡಿ, ಉರುಳು ಕೂಡದು. ಹಿಡಿಯುವ ಲೈಸೆನ್ಸ್ ಇದ್ದವನಿಗೆ ಮಾತ್ರ ಅದರ ಮಿತಿಯಲ್ಲಿ ಅವಕಾಶ. ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜ ಬಡಬಡಿಸುತ್ತಿದ್ದ ಮಾತುಗಳು. ಬಸುರಿ ಹೆಣ್ಣನ್ನು ಹೊಡೆಯಬೇಡ, ನೀರಿಗೆ ಬಂದದ್ದನ್ನು ಹೊಡೆಯಬೇಡ, ಗಾಯ ಮಾಡಿ ಬಿಟ್ಟು ಬರಬೇಡ. ಕೋವಿ ಹಿಡಿದವನು ಮುಂದೆ ಇರುವುದು ಹೆಣ್ಣೋ ಗಂಡೋ ಮರಿಯೋ ಎಂದು ನೋಡಿ ಬೆರಳು ತೆಗೆಯಬಹುದು. ತಂತಿಯ ಕುಣಿಕೆ ಏನು ನೋಡುತ್ತದೆ?

1991ರ ತಿದ್ದುಪಡಿಯಲ್ಲಿ ಲೈಸೆನ್ಸ್‌ಗಳೂ ಹೋದವು. ಈಗ ಮುಖ್ಯವಾಗಿ ಉಳಿದಿರುವ ಕಿಂಡಿ 11 ಮತ್ತು 12ನೇ ಸೆಕ್ಷನ್. 11ರಲ್ಲಿ ಪ್ರಾಣ ರಕ್ಷಣೆಗೆ ವಿನಾಯಿತಿ ಇದೆ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಆದೇಶ ಬೇಕು. ಅಂದರೆ 1912ರಲ್ಲಿ ರೈತನ ಕೈಯಲ್ಲಿದ್ದ ತೀರ್ಮಾನ ಅಧಿಕಾರಿಯ ಮೇಜಿಗೆ ಹೋಯಿತು. ನಮ್ಮ ಆಳಿಗೆ ಇದನ್ನು ಯಾರು ಹೇಳಿದ್ದರು? ನಾನೇ ಹೇಳಿರಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ. ಬೇಟೆ ಎಂಬ ಪದದ ಅರ್ಥದೊಳಗೆ ಉರುಳು ಇಡುವುದೂ, ಇಡಲು ಯತ್ನಿಸುವುದೂ ಸೇರಿದೆ. ಪ್ರಾಣಿ ಬೀಳಲೇಬೇಕೆಂದಿಲ್ಲ.

ಕೋವಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ 1861ರಷ್ಟು ಹಿಂದಿನಿಂದ ಬಂದದ್ದು. ಈಗ 2029ರವರೆಗೆ ಮುಂದುವರಿಸಿದ್ದಾರೆ. ಇದು ಕೋವಿ ಇಟ್ಟುಕೊಳ್ಳುವ ವಿನಾಯಿತಿ. ಬೇಟೆಯಾಡುವ ವಿನಾಯಿತಿಯಲ್ಲ. ಮದುವೆ ಮನೆಗಳಲ್ಲಿ ಎರಡು ಪೆಗ್ ಆದ ಮೇಲೆ ಇದನ್ನು ವಾದಿಸಲು ಹೋಗಬೇಡಿ, ನಾನು ಹೋಗಿ ಅನುಭವಿಸಿದ್ದೇನೆ.

ಇನ್ನು ಉರುಳು ಹುಡುಕುವ ಕೆಲಸ. ಮೊದಲ ಎರಡು ತಿಂಗಳು ನನಗೆ ಒಂದೂ ಸಿಗಲಿಲ್ಲ. ಕಣ್ಣೆತ್ತರದಲ್ಲಿ ಹುಡುಕುತ್ತಿದ್ದೆ. ಹಂದಿಯ ಉರುಳು ನೆಲದಿಂದ ಒಂದು ಗೇಣು ಎತ್ತರದಲ್ಲಿ ಶುರುವಾಗುತ್ತದೆ. ಕುಣಿಕೆಯ ಮೇಲ್ತುದಿ ಮೊಣಕಾಲಿಗೆ ಬಂದರೆ ಹೆಚ್ಚು. ಬೇಲಿಯಲ್ಲಿ ಹಂದಿ ನುಗ್ಗಿದ ಗಂಡಿ ಇರುತ್ತದಲ್ಲ, ಕೆಳಗಿನ ತಂತಿಗೆ ಕೆಸರು, ಕೂದಲು ಅಂಟಿರುವ ಜಾಗ, ಅಲ್ಲಿ ಮಂಡಿಯೂರಿ ಪ್ರಾಣಿಯ ಎತ್ತರಕ್ಕೆ ಬಗ್ಗಿ ನೋಡಬೇಕು. ಹೊಸ ವೈರಿಗೆ ಹೊಗೆ ಹಿಡಿಸಿ ಅಥವಾ ಸಗಣಿ ಮೆತ್ತಿ ಹೊಳಪು ತೆಗೆದಿರುತ್ತಾರೆ, ಹಾಗಾಗಿ ವೈರನ್ನೇ ಹುಡುಕಿದರೆ ಕಾಣುವುದಿಲ್ಲ. ನಾನು ನೋಡುವುದು ಕಡಿದ ಸೊಪ್ಪನ್ನು. ಪ್ರಾಣಿ ಆಚೀಚೆ ಹೋಗದಿರಲೆಂದು ಗಂಡಿಯ ಎರಡೂ ಬದಿ ಲಂಟಾನದ ಕೊಂಬೆ ಚುಚ್ಚಿರುತ್ತಾರೆ. ಬೇರಿಲ್ಲದ ಕೊಂಬೆ ನಾಲ್ಕೇ ದಿನಕ್ಕೆ ಬಾಡುತ್ತದೆ. ಹಸಿರು ಬೇಲಿಯಲ್ಲಿ ಎರಡು ಕಡೆ ಮಾತ್ರ ಬಾಡಿದ ಸೊಪ್ಪು ಕಂಡರೆ ನಡುವೆ ಕುಣಿಕೆ ಇದೆ ಎಂದೇ ಲೆಕ್ಕ. ಇನ್ನೊಂದು ಗುರುತು, ಪಕ್ಕದ ಸಿಲ್ವರ್ ಓಕ್ ಬುಡದಲ್ಲಿ ತೊಗಟೆಗೆ ಬಿದ್ದ ಉಂಗುರದಂಥ ಗಾಯ. ಹಳೆಯ ಗಾಯವಾದರೆ ಹಿಂದಿನ ವರ್ಷವೂ ಅಲ್ಲೇ ಕಟ್ಟಿದ್ದರು, ಮುಂದೆಯೂ ಕಟ್ಟುತ್ತಾರೆ. ಕಾಡುಕೋಳಿ, ಬರಿಂಕದ (ಮೊಲದಷ್ಟೇ ಇರುವ ಪುಟ್ಟ ಜಿಂಕೆ) ಉರುಳು ಬೇರೆ, ನೈಲಾನ್ ದಾರದ್ದು. ಬಾಗಿಸಿ ಕಟ್ಟಿದ ಎಳೆ ಗಿಡ ಅದನ್ನು ತೋರಿಸಿಕೊಡುತ್ತದೆ.

ಹೋಗುವ ಹೊತ್ತು ಬೆಳಿಗ್ಗೆ ಎಂಟರ ಮೇಲೆ, ಅದೂ ಆನೆ ಎಲ್ಲಿದೆ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಡಿಕೊಂಡು. ಒಮ್ಮೆ ನೋಡದೆ ಹೋಗಿ, ಕಾಫಿ ಗಿಡದ ಸಾಲಿನಲ್ಲಿ ಬಂಡೆ ಎಂದುಕೊಂಡದ್ದು ಕಿವಿ ಬೀಸಿತು. ಹೇಗೆ ಓಡಿದೆ ಎಂಬುದು ನೆನಪಿಲ್ಲ, ಚಪ್ಪಲಿ ಮಾತ್ರ ಮರುದಿನ ಸಿಕ್ಕಿತು. ಒಬ್ಬನೇ ಹೋಗುವುದನ್ನು ಅಂದಿಗೆ ಬಿಟ್ಟೆ. ಹೆಚ್ಚು ಉರುಳು ಸಿಗುವುದು ಭತ್ತ ತೆನೆ ಬಿಟ್ಟು ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವವರೆಗೆ, ಮತ್ತೆ ಹಲಸು ಹಣ್ಣಾಗುವಾಗ.

ತಪ್ಪುಗಳನ್ನೂ ಮಾಡಿದ್ದೇನೆ. ಮೊದಲ ವರ್ಷ ತೆಗೆದ ವೈರುಗಳನ್ನೆಲ್ಲ ಕಣದ ಹಿಂದಿನ ಗುಜರಿ ರಾಶಿಗೆ ಹಾಕಿದೆ. ಅವುಗಳಲ್ಲೇ ಎರಡು ವಾಪಸ್ ಬೇಲಿಗೆ ಬಂದವು. ಈಗ ಗೇಣುದ್ದಕ್ಕೆ ತುಂಡರಿಸಿ ಟಿನ್ನಿನಲ್ಲಿ ಬೀಗ ಹಾಕಿಡುತ್ತೇನೆ. ತೋಟದ ಹಳೆಯ ಬ್ರೇಕ್ ವೈರು, ಪಂಪ್‌ಸೆಟ್ಟಿನ ತಂತಿಗೂ ಅದೇ ಗತಿ. ಇನ್ನೊಂದು ತಪ್ಪು, ಕಾಡಿನಂಚಿನಲ್ಲಿ ಸಿಕ್ಕಿದ್ದನ್ನು ಯಾರಿಗೂ ಹೇಳದೆ ಕಿತ್ತು ತಂದದ್ದು. ಸಾಲಾಗಿ ಏಳು ಕಟ್ಟಿದ್ದರು. ಗಾರ್ಡ್ ತಲೆ ಚಚ್ಚಿಕೊಂಡ: "ಅಲ್ಲೇ ಬಿಟ್ಟು ಒಂದು ಫೋನ್ ಮಾಡಿದ್ರೆ ಮಹಜರು ಮಾಡ್ತಿದ್ವಿ ಸಾರ್. ಈಗ ನಿಮ್ಮ ಕೈಲಿರೋ ಏಳು ವೈರು ನೋಡಿ ನಿಮ್ಮನ್ನೇ ಹಿಡೀಬೇಕು." ತಮಾಷೆಗೆ ಹೇಳಿದ್ದಾದರೂ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಗೆ ಕನಿಷ್ಠ ಮೂರು ವರ್ಷ ಜೈಲು ಎಂದು ಗೊತ್ತಿದ್ದರಿಂದ ನನಗೆ ನಗು ಬರಲಿಲ್ಲ. ಈಗ ತೋಟದೊಳಗಿನದನ್ನು ಫೋಟೋ ತೆಗೆದು, ಜಾಗ ಕಳಿಸಿ, ಅವರು ತೆಗೆಯಿರಿ ಎಂದ ಮೇಲೆ ತೆಗೆಯುತ್ತೇನೆ. ಕಾಡಿನ ಗಡಿ ದಾಟುವುದಿಲ್ಲ. ಪ್ರಾಣಿ ಜೀವಂತ ಸಿಕ್ಕಿಬಿದ್ದಿದ್ದರೆ ಹತ್ತಿರವೂ ಹೋಗುವುದಿಲ್ಲ. ಜನ ಸೇರಿದಷ್ಟೂ ಅದು ಎಳೆದಾಡಿ ಕುಣಿಕೆ ಬಿಗಿಯುತ್ತದೆ. ಪಕ್ಕದ ತೋಟದಲ್ಲಿ ಸೊಂಟಕ್ಕೆ ಉರುಳು ಬಿದ್ದ ಚಿರತೆಯನ್ನು ನೋಡಲು ನೂರು ಮೊಬೈಲು ಸೇರಿದ್ದವು. ಅರಿವಳಿಕೆಯ ಡಾಕ್ಟರು ಬರುವಷ್ಟರಲ್ಲಿ ಅದರ ಕೂಗು ನಿಂತಿತ್ತು.

ಹಂದಿ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಬರುತ್ತಿದೆ. ಗದ್ದೆಗೆ ಸೋಲಾರ್ ತಂತಿ ಎಳೆದೆ, ನೆಲದಿಂದ ಒಂದು ಗೇಣಿನಲ್ಲಿ ಮೊದಲ ಎಳೆ. ಹುಲ್ಲು ಬೆಳೆದು ತಾಗಿದರೆ ಕರೆಂಟು ಇಳಿಯುತ್ತದೆ, ವಾರಕ್ಕೊಮ್ಮೆ ಕತ್ತರಿಸಬೇಕು. ಪರಿಹಾರಕ್ಕೆ ಅರ್ಜಿ ಹಾಕುತ್ತೇನೆ. ಒಮ್ಮೆ ಸಿಕ್ಕಿತು, ಒಮ್ಮೆ ಕಾಗದ ಸರಿಯಿಲ್ಲ ಎಂದು ವಾಪಸ್ ಬಂತು. ಸಿಕ್ಕ ಹಣ ಹೋದ ಭತ್ತಕ್ಕೆ ಸಮವಲ್ಲ. ಕಾಯ್ದೆ ತೀರ್ಮಾನವನ್ನು ತನ್ನ ಮೇಜಿಗೆ ಎತ್ತಿಕೊಂಡ ಮೇಲೆ ಆ ಮೇಜಿನಿಂದ ಉತ್ತರ ಬೇಗ ಬರಬೇಕು ಎಂಬುದು ನನ್ನ ತಕರಾರು, ಅದನ್ನು ಪ್ರತಿ ಸಭೆಯಲ್ಲೂ ಎದ್ದು ನಿಂತು ಹೇಳುತ್ತೇನೆ.

ಹಳೆಯ ಆಳನ್ನು ಕೆಲಸದಿಂದ ಬಿಡಿಸಲಿಲ್ಲ. ಕಾಯ್ದೆಯನ್ನು ಕನ್ನಡದಲ್ಲಿ ಬರೆದುಕೊಂಡು ಲೈನ್ ಮನೆಯ ಜಗಲಿಯಲ್ಲಿ ಕೂತು ಓದಿ ಹೇಳಿದೆ. ಅವನು ಎಲ್ಲ ಕೇಳಿ, "ಹಂಗಾದ್ರೆ ದೊಡ್ಡ ಸಾಹುಕಾರ್ರು ಹೇಳಿದ್ದು ಅವರ ಕಾಲಕ್ಕೆ ಸರಿ" ಎಂದ. ಜಿಮ್ಮಿ ಮೂರು ಕಾಲಿನಲ್ಲಿ ಇನ್ನೂ ಆರು ವರ್ಷ ಬದುಕಿತು. ಅಷ್ಟೂ ವರ್ಷ ಅವನ ಹಿಂದೆಯೇ ಓಡಾಡಿಕೊಂಡಿತ್ತು, ಅವನ ಬುತ್ತಿಯ ಮೀನಿಗಾಗಿ.

ಈಗ ಬೇಲಿ ನಡೆಯುವಾಗ ಮುಂದೆ ಹೋಗುವವನು ಅವನೇ. ಕಣ್ಣು ಮಂಜಾಗಿದೆ, ಆದರೂ ನನಗಿಂತ ಮೊದಲು ನಿಲ್ಲುತ್ತಾನೆ. ಕಳೆದ ಪುತ್ತರಿಯ ಹಿಂದಿನ ವಾರ ತೋಡಿನ ಪಕ್ಕದ ತಿರುವಿನಲ್ಲಿ ಕೋಲು ಊರಿ ನಿಂತು, "ಸಾಹುಕಾರ್ರೇ, ನಾನಾಗಿದ್ರೆ ಇಲ್ಲೇ ಕಟ್ತಿದ್ದೆ" ಎಂದ. ನಾನು ಮಂಡಿಯೂರಿ ಬಾಡಿದ ಲಂಟಾನ ಸರಿಸಿದೆ. ಹೊಚ್ಚ ಹೊಸ ವೈರು, ನಮ್ಮ ಗೋದಾಮಿನದಲ್ಲ.