ಲವಂಗಕ್ಕೆ ನಾಲ್ಕು ಗಂಟೆ, ಚಕ್ಕೆಗೆ ಒಂದು ದಿನ: ಕಾಕ್‌ಟೇಲ್‌ಗೆ ಮಸಾಲೆ ಇಳಿಸುವ ಬಗೆ

ಮಸಾಲೆ ಕಾಕ್‌ಟೇಲ್ ಹೆಚ್ಚಾಗಿ ಕೆಡುವುದು ಪುಡಿಯಿಂದ. ಶೇಕರ್‌ಗೆ ಏಲಕ್ಕಿ ಪುಡಿಯನ್ನೋ ಮೆಣಸಿನ ಪುಡಿಯನ್ನೋ ಉದುರಿಸಿದರೆ ಪಾನೀಯ ಕದಡುತ್ತದೆ, ಕೊನೆಯ ಗುಟುಕಿನಲ್ಲಿ ತರಿತರಿಯಾಗಿ ನಾಲಿಗೆಗೆ ಸಿಗುತ್ತದೆ, ಪರಿಮಳ ಮಾತ್ರ ಅಷ್ಟಕ್ಕಷ್ಟೇ. ಚಕ್ಕೆ ಪುಡಿಯಂತೂ ನೀರು ಹೀರಿ ಲೋಳೆಯಾಗುತ್ತದೆ. ಆ ಲೋಳೆಯನ್ನು ಸೋಸಿ ತೆಗೆಯುವುದು ಬಹಳ ಕಷ್ಟ. ಹಾಗಾಗಿ ನಾನು ಬಳಸುವುದು ಇಡೀ ಮಸಾಲೆಯನ್ನೇ. ಅದನ್ನು ಮದ್ಯದಲ್ಲಿ ಕೆಲವು ಗಂಟೆ ನೆನೆಸಿ, ಸೋಸಿ, ಆ ಮದ್ಯದಿಂದ ಕಾಕ್‌ಟೇಲ್ ಮಾಡುವುದು. ಜೊತೆಗೆ ಒಂದು ಸಣ್ಣ ಕುಟ್ಟಾಣಿ, ಗ್ರಾಂ ತೋರಿಸುವ ತಕ್ಕಡಿ, ತೆಳು ಬಟ್ಟೆ, ಕಾಫಿ ಫಿಲ್ಟರ್ ಪೇಪರ್ ಇದ್ದರೆ ಸಾಕು.

ಯಾವ ಮಸಾಲೆ ಯಾವುದಕ್ಕೆ ತನ್ನ ಸಾರ ಬಿಡುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ನೀರಿನಲ್ಲಿ ಅತಿ ಕಡಿಮೆ ಕರಗುತ್ತದೆ, ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಲವಂಗದ ಘಮಕ್ಕೆ ಕಾರಣವಾದ ಯೂಜಿನಾಲ್ ಕೂಡ ಹಾಗೆಯೇ. ಕೇಸರಿಯ ದಾರಿ ಬೇರೆ: ಅದರ ಬಣ್ಣ ಬಿಡುವುದು ನೀರಿಗೆ. ಹತ್ತು ಎಸಳನ್ನು ಒಂದು ಚಮಚ ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಆ ನೀರನ್ನೇ ಬಳಸಬೇಕು. ಪುನರ್ಪುಳಿಯ (ಕೋಕಂ ಹಣ್ಣಿನ) ಹುಳಿ ಮತ್ತು ಕೆಂಪು ಎರಡೂ ನೀರಿಗೆ ಇಳಿಯುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಟಕೀಲಾದಲ್ಲಿ ನೆನೆಸಿದರೆ ಘಮ ಬರುತ್ತದೆ, ಸ್ವಲ್ಪ ಖಾರ ಬರುತ್ತದೆ, ಅಡುಗೆಯ ಒಗ್ಗರಣೆಯಲ್ಲಿ ಕಾಣುವ ಆ ಬಣ್ಣ ಬರುವುದಿಲ್ಲ.

ನಮ್ಮಲ್ಲಿ ಸಿಗುವ ಜಿನ್, ವೋಡ್ಕಾ, ರಮ್ ಹೆಚ್ಚಿನವು 42.8% ಆಲ್ಕೋಹಾಲ್ ಇರುವಂಥವು. ನೆನೆಹಾಕಲು ಅದು ಸಾಕು. ಇಡೀ ಬಾಟಲಿಗೆ ಕೈ ಹಾಕದೆ 200 ಮಿ.ಲೀ.ಗೆ ಮಾಡಿ ನೋಡುವುದು ಒಳ್ಳೆಯದು. ಅಷ್ಟಕ್ಕೆ ನನ್ನ ಅಳತೆ ಹೀಗಿದೆ: ಕಾಳುಮೆಣಸು 4 ಗ್ರಾಂ, ಒಂದು ಕಾಳು ಮೂರ್ನಾಲ್ಕು ಚೂರಾಗುವಷ್ಟು ಜಜ್ಜಿ, 12 ಗಂಟೆ. ಏಲಕ್ಕಿ 6, ಸಿಪ್ಪೆ ಬಿಡಿಸಿ ಬೀಜ ಮಾತ್ರ ಜಜ್ಜಿ, 8 ಗಂಟೆ. ಲವಂಗ 4, ಜಜ್ಜದೆ, 4 ಗಂಟೆ. ಚಕ್ಕೆ 5 ಗ್ರಾಂ, ಕೈಯಲ್ಲಿ ಮುರಿದು, 24 ಗಂಟೆ. ಬ್ಯಾಡಗಿ 2, ಬೀಜ ತೆಗೆದು ಬಾಣಲೆಯಲ್ಲಿ ಒಂದು ಸುತ್ತು ಬಿಸಿ ಮಾಡಿ, 3 ಗಂಟೆ.

ಈ ಗಂಟೆಗಳ ವ್ಯತ್ಯಾಸವೇ ಮುಖ್ಯ. ಗರಂ ಮಸಾಲೆಗೆ ಹಾಕುವ ಎಲ್ಲವನ್ನೂ ಒಂದೇ ಬಾಟಲಿಗೆ ತುಂಬಿ ಒಂದು ವಾರ ಇಡುವವರಿದ್ದಾರೆ. ಚಕ್ಕೆ ಬಾಯಿ ಬಿಡುವ ಹೊತ್ತಿಗೆ ಲವಂಗ ಎಲ್ಲವನ್ನೂ ನುಂಗಿರುತ್ತದೆ, ನಾಲಿಗೆ ಜೋಮು ಹಿಡಿಯುತ್ತದೆ. ಏಲಕ್ಕಿ ಹೆಚ್ಚು ಹೊತ್ತು ಕೂತರೆ ನೀಲಗಿರಿ ಎಣ್ಣೆಯ ವಾಸನೆ ಮೇಲೆ ಬರುತ್ತದೆ. ಎರಡರಲ್ಲೂ ಇರುವ ಸಿನಿಯೋಲ್ ಎಂಬ ಘಮದ ಅಂಶ ಅದಕ್ಕೆ ಕಾರಣ. ಚಕ್ಕೆ ಅತಿಯಾದರೆ ಬಾಯಿ ಒಣಗಿ ಒಗರು ಉಳಿಯುತ್ತದೆ. ಆದ್ದರಿಂದ ಒಂದೊಂದು ಮಸಾಲೆಗೂ ಬೇರೆ ಬೇರೆ ಶೀಶೆ. ಬೇಕಾದಾಗ ಬೆರೆಸಿಕೊಂಡರಾಯಿತು. ಕಟುವಾದದ್ದನ್ನು ಚೆಲ್ಲಬೇಕಿಲ್ಲ, ಅದೇ ಸ್ಪಿರಿಟ್ ಇನ್ನಷ್ಟು ಸೇರಿಸಿದರೆ ಹದಕ್ಕೆ ಬರುತ್ತದೆ.

ರುಚಿ ನೋಡುವುದಕ್ಕೂ ಒಂದು ಕ್ರಮ ಉಂಟು. ಒಂದು ಚಮಚ ನೆನೆಸಿದ ಸ್ಪಿರಿಟ್‌ಗೆ ಅರ್ಧ ಚಮಚ ತಣ್ಣೀರು ಬೆರೆಸಿ ನೋಡಬೇಕು. ಐಸ್ ಜೊತೆ ಅಲುಗಾಡಿಸಿದಾಗ ಪಾನೀಯಕ್ಕೆ ಸಾಕಷ್ಟು ನೀರು ಸೇರುತ್ತದೆ, ತಂಪು ಪರಿಮಳವನ್ನು ಅದುಮುತ್ತದೆ. ಶೀಶೆಯಲ್ಲಿ ಸ್ವಲ್ಪ ಹೆಚ್ಚೇ ಎನಿಸುವ ಮಸಾಲೆ ಗ್ಲಾಸಿನಲ್ಲಿ ಸರಿಹೋಗುತ್ತದೆ. ಚಕ್ರಮೊಗ್ಗು ಗಾಢವಾಗಿ ನೆನೆದಿದ್ದರೆ ನೀರು ತಾಗಿದೊಡನೆ ಹಾಲಿನ ಬಣ್ಣಕ್ಕೆ ತಿರುಗಬಹುದು. ಅದು ಕೆಟ್ಟದ್ದರಿಂದ ಆದದ್ದಲ್ಲ, ಎಣ್ಣೆಯಂಶ ಆಲ್ಕೋಹಾಲ್‌ನಿಂದ ಬೇರ್ಪಟ್ಟದ್ದು.

ಸೋಸುವಾಗ ಮೊದಲು ಬಟ್ಟೆ, ಆಮೇಲೆ ಫಿಲ್ಟರ್ ಪೇಪರ್. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಕಹಿಯೂ ಕದಡೂ ಒಟ್ಟಿಗೇ ಇಳಿಯುತ್ತವೆ.

ಇನ್ನು ನನಗೆ ಬಹಳ ಇಷ್ಟವಾದ ಜೋಡಿ: ಕಾಳುಮೆಣಸಿನ ಜಿನ್ ಮತ್ತು ಪುನರ್ಪುಳಿ. ಉತ್ತರ ಕನ್ನಡದವರು ಮುರುಗಲು ಎನ್ನುವುದು ಇದನ್ನೇ. ಒಣ ಸಿಪ್ಪೆ ಕೊಳ್ಳುವಾಗ ಉಪ್ಪು ಹಚ್ಚಿದ್ದೋ ಇಲ್ಲವೋ ಕೇಳಿಕೊಳ್ಳಬೇಕು. ಸಾರಿಗೆ ಉಪ್ಪಿನದು ನಡೆಯುತ್ತದೆ, ಸಿರಪ್‌ಗೆ ಬೇಡ. 50 ಗ್ರಾಂ ಸಿಪ್ಪೆಯನ್ನು 300 ಮಿ.ಲೀ. ಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿ, 250 ಗ್ರಾಂ ಸಕ್ಕರೆ ಹಾಕಿ ಕರಗುವವರೆಗೆ ಮಾತ್ರ ಬಿಸಿ ಮಾಡುತ್ತೇನೆ. ಕುದಿಸಿದರೆ ಕೆಂಪು ಮಂಕಾಗುತ್ತದೆ. ಫ್ರಿಜ್‌ನಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಬೇಕು.

ಶೇಕರ್‌ಗೆ 45 ಮಿ.ಲೀ. ಮೆಣಸಿನ ಜಿನ್, 30 ಮಿ.ಲೀ. ಈ ಸಿರಪ್, 10 ಮಿ.ಲೀ. ನಿಂಬೆರಸ, ಒಂದು ಚಿಟಿಕೆ ಉಪ್ಪು. ಹುರಿದ ಜೀರಿಗೆ ಅರ್ಧ ಚಮಚ ಜಜ್ಜಿ ಹಾಕಬಹುದು, ಆಗ ಎರಡು ಸಲ ಸೋಸಬೇಕು. ಶೇಕರ್ ತುಂಬ ಐಸ್ ಹಾಕಿ 12 ಸೆಕೆಂಡ್ ಜೋರಾಗಿ ಅಲುಗಾಡಿಸಿ, ಐಸ್ ಇರುವ ಉದ್ದ ಗ್ಲಾಸಿಗೆ ಸೋಸಿ, 60 ಮಿ.ಲೀ. ಸೋಡಾ ಮೇಲಿನಿಂದ. ಸೋಡಾವನ್ನು ಶೇಕರ್‌ಗೆ ಮಾತ್ರ ಹಾಕಬಾರದು, ಮುಚ್ಚಳ ಹಾರುತ್ತದೆ.

ಚಕ್ಕೆಯ ಡಾರ್ಕ್ ರಮ್‌ಗೆ ಸಕ್ಕರೆಗಿಂತ ಮಲೆನಾಡಿನ ಜೋನಿ ಬೆಲ್ಲವೇ ಸರಿ. ಎರಡು ಪಾಲು ಜೋನಿ ಬೆಲ್ಲಕ್ಕೆ ಒಂದು ಪಾಲು ಬಿಸಿನೀರು ಬೆರೆಸಿ ತೆಳುವಾಗಿಸಿಕೊಳ್ಳಬೇಕು, ಇಲ್ಲದಿದ್ದರೆ ತಣ್ಣನೆಯ ರಮ್‌ನಲ್ಲಿ ಕರಗದೆ ತಳ ಹಿಡಿಯುತ್ತದೆ. 60 ಮಿ.ಲೀ. ರಮ್‌ಗೆ ಇದು 10 ಮಿ.ಲೀ., ಎರಡು ತೊಟ್ಟು ಬಿಟರ್ಸ್ (ಕಹಿ ಬೇರು, ಮಸಾಲೆಗಳ ಗಾಢ ಸಾರ). ಐಸ್ ಹಾಕಿ ಅರ್ಧ ನಿಮಿಷ ಕಲಕಿ, ಕಿತ್ತಳೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಂಡಿ ಅದರಲ್ಲೇ ಬಿಡುವುದು. ಲವಂಗದ ರಮ್ ಬೆರೆಸುವುದಿದ್ದರೆ 5 ಮಿ.ಲೀ. ದಾಟಬಾರದು.