ಕ್ಯಾಮೆರಾ ನೆಲಕ್ಕಿಳಿಯಲಿ, ನಾಯಿ ತಾನಾಗಿಯೇ ನಗಿಸುತ್ತದೆ

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಮೂಡಿಗೆರೆ ಸೀಮೆಯ ನಮ್ಮ ಮನೆಗೆ ಬಂದಿದ್ದ ನೆಂಟರ ಮಕ್ಕಳು ನಗಿಸುವ ವಿಡಿಯೊ ಮಾಡಲೆಂದು ಮೊಬೈಲ್ ಹಿಡಿದು ಎರಡು ದಿನ ನಮ್ಮ ನಾಯಿ ಕರಿಯನ ಬೆನ್ನು ಹತ್ತಿದರು. ಸಿಕ್ಕಿದ್ದು ನಲವತ್ತು ವಿಡಿಯೊ, ಎಲ್ಲದರಲ್ಲೂ ಬರೀ ಬಾಲ. ಕೊನೆಗೆ ಅವನಿಗೆ ಅಜ್ಜನ ಮಫ್ಲರ್ ಸುತ್ತಿ, ತಂಪು ಕನ್ನಡಕ ಏರಿಸಿ ಕೂರಿಸಿದರು. ಕರಿಯ ಎದ್ದು ಕಣದ ಮೂಲೆಗೆ ಹೋಗಿ, ಒಂದೊಂದನ್ನೇ ಕಿತ್ತೆಸೆದು, ನಿಟ್ಟುಸಿರು ಬಿಟ್ಟು ಮಲಗಿದ. ನಗಿಸುವಂಥದ್ದು ಅದೊಂದೇ. ಆಗ ಎಲ್ಲರೂ ಮೊಬೈಲನ್ನು ಜೇಬಿಗಿಳಿಸಿ ಆಗಿತ್ತು!

ಹಾಗಾಗಿ ಮೊದಲ ಕೆಲಸ, ಎರಡು ಮೂರು ದಿನ ಏನನ್ನೂ ಚಿತ್ರೀಕರಿಸದೆ ನಿಮ್ಮ ಪ್ರಾಣಿಯ ಚಾಳಿ ಗಮನಿಸುವುದು. ಅಕ್ಕಿ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಕರಿಯ ಎಲ್ಲಿದ್ದರೂ ಓಡಿ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಗದ್ದ ಊರುತ್ತಾನೆ. ಒಳಗೆ ಕಾಲಿಡುವಂತಿಲ್ಲ ಎಂಬುದು ಅವನಿಗೆ ಗೊತ್ತು. ಕಾಲು ಇಡುವುದೂ ಇಲ್ಲ. ಆದರೆ ಮೂರನೇ ರೊಟ್ಟಿಯ ಹೊತ್ತಿಗೆ ಕುತ್ತಿಗೆಯವರೆಗೆ ಒಳಗೆ ಬಂದಿರುತ್ತಾನೆ. ಕಥೆ ಇಷ್ಟೇ ಸಾಕು.

ಸಲಕರಣೆ ಏನೂ ಬೇಡ. ಲೆನ್ಸನ್ನು ಹತ್ತಿಬಟ್ಟೆಯಿಂದ ಒರೆಸಿ. ಅಗ್ಗದ ಪ್ಲಾಸ್ಟಿಕ್ ಟ್ರೈಪಾಡ್ ಕೊಳ್ಳಬೇಡಿ, ನಾಯಿ ಬಾಲ ಅಲ್ಲಾಡಿಸಿದರೆ ಸಾಕು ಅದು ಮಗುಚುತ್ತದೆ. ಅಕ್ಕಿ ಅಳೆಯುವ ಸೇರಿಗೆ ಮೊಬೈಲನ್ನು ಒರಗಿಸಿ ನಿಲ್ಲಿಸಿದರೆ ಅದಕ್ಕಿಂತ ಗಟ್ಟಿ.

ಜನ ಎಡವುವುದು ಮುಂದಿನ ಹಂತದಲ್ಲಿ. ನಿಂತುಕೊಂಡು ತೆಗೆದರೆ ಯಾವ ನಾಯಿಯೂ ಬೆನ್ನು ಮತ್ತು ಎರಡು ಕಿವಿಯಾಗಿಯೇ ಕಾಣುತ್ತದೆ. ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೆ, ಸಾಧ್ಯವಾದರೆ ಇನ್ನೂ ಕೆಳಗೆ ಬರಬೇಕು. ಮೊಬೈಲನ್ನು ತಲೆಕೆಳಗಾಗಿ ನಿಲ್ಲಿಸಿ. ಲೆನ್ಸ್ ನೆಲಕ್ಕೆ ತಾಗುವಷ್ಟು ಹತ್ತಿರ ಬರುತ್ತದೆ. ಚಿತ್ರ ತಿರುಗುಮುರುಗಾಗಿ ಬಂದರೆ ಆಮೇಲೆ ತಿರುಗಿಸಿಕೊಳ್ಳಬಹುದು. ಕಪ್ಪು ನಾಯಿಯಾದರೆ ಇನ್ನೊಂದು ತೊಡಕು: ಹಿಂದೆ ಬಿಸಿಲಿನ ಅಂಗಳವಿದ್ದರೆ ಅದು ಇದ್ದಿಲಿನ ಮುದ್ದೆಯಾಗುತ್ತದೆ. ಪರದೆಯ ಮೇಲೆ ನಾಯಿಯ ಮುಖವನ್ನು ಒತ್ತಿ ಹಿಡಿಯಿರಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ನಾಯಿ, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಚಿಮ್ಮಿಸುವ ಪದರವಿದೆ. ಮುದ್ದಿನ ನಾಯಿ ದೆವ್ವದಂತೆ ಕಾಣುತ್ತದೆ. ಬೆಳಿಗ್ಗೆ ಎಂಟರ ಸುಮಾರಿನ ಜಗಲಿಯ ಬೆಳಕಿಗಿಂತ ಒಳ್ಳೆಯದು ಬೇರೆ ಇಲ್ಲ. ಸ್ಲೋ ಮೋಷನ್ ಹುಚ್ಚಿದ್ದರೂ ಹೊರಗೇ ತೆಗೆಯಿರಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಸುತ್ತು, ಸುತ್ತಿಗೆ ಎರಡು ಮಿನುಗು. ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಬರಿಗಣ್ಣಿಗೆ ಕಾಣದ ಆ ಮಿನುಗು ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೊದಲ್ಲಿ ಪಟಪಟ ಬಡಿಯುತ್ತದೆ.

ಇನ್ನು ಕಾಯುವುದು. ನಾಯಿ ಬರುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿ ದೂರ ಸರಿಯಿರಿ. ‘ಕರಿಯಾ, ಇಲ್ಲಿ ನೋಡೋ’ ಎಂದು ಕೂಗಿದಿರೋ, ಅವನು ಎದ್ದು ಬಂದು ಲೆನ್ಸನ್ನೇ ನೆಕ್ಕುತ್ತಾನೆ. ನೋಟ ಕ್ಯಾಮೆರಾದ ಕಡೆಗೇ ಬೇಕೆಂದರೆ ಇನ್ನೊಬ್ಬರು ಮೊಬೈಲಿನ ಹಿಂದೆ ಕುಳಿತು ಲೆನ್ಸಿನ ಸ್ವಲ್ಪ ಮೇಲೆ ರೊಟ್ಟಿಯ ಚೂರು ಹಿಡಿಯಲಿ. ತಲೆ ಓರೆಯಾಗಬೇಕೇ? ಕೇಳಿರದ ಒಂದು ಸಣ್ಣ ಸದ್ದು ಮಾಡಿ. ಇದು ಎರಡು ಮೂರು ಸಲಕ್ಕಷ್ಟೇ. ಆಮೇಲೆ ಅವನು ನಿಮ್ಮನ್ನು ಕ್ಯಾರೇ ಎನ್ನುವುದಿಲ್ಲ.

ಹತ್ತು ನಿಮಿಷ ಸಾಕು. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಪದೇಪದೇ ಮೂಗು ನೆಕ್ಕಿಕೊಳ್ಳುವುದು, ಕಿವಿ ಹಿಂದಕ್ಕೆ ಒತ್ತಿ ಕಣ್ಣಂಚಿನ ಬಿಳಿ ತೋರಿಸುವುದು, ಇವೆಲ್ಲ ತಮಾಷೆಯಲ್ಲ, ಅಳುಕು. ಅಲ್ಲಿಗೆ ನಿಲ್ಲಿಸಿ. ಉಣ್ಣುತ್ತಿರುವ ಬೆಕ್ಕಿನ ಹಿಂದೆ ಸೌತೆಕಾಯಿ ಇಟ್ಟು ಹಾರಿಸುವ ವಿಡಿಯೊಗಳನ್ನು ಕಂಡರೆ ನನಗೆ ಮೈಯುರಿಯುತ್ತದೆ. ನಾಯಿಗೆ ಕಾಫಿ ಕುಡಿಸುವ ಹಾಸ್ಯವಂತೂ ನಮ್ಮ ಕಡೆ ಯಾರಿಗಾದರೂ ಹೊಳೆದೇ ಹೊಳೆಯುತ್ತದೆ. ಕೆಫೀನ್ ನಾಯಿಗೆ ವಿಷ. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿಯೂ ಆಗದು.

ಕತ್ತರಿಸುವುದು ಸುಲಭ: ಗದ್ದ ಊರುವುದರಿಂದ ಶುರು, ಕುತ್ತಿಗೆ ಒಳಬಂದಾಗ ಮುಕ್ತಾಯ, ಇಪ್ಪತ್ತು ಸೆಕೆಂಡು.

ದನಿ ನಿಮ್ಮದೇ ಇರಲಿ. ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ವಿಡಿಯೊ ಮೂಕವಾಗುವುದುಂಟು. ಸಿದ್ಧ ನಗೆಯ ಸದ್ದು ನನಗಂತೂ ಆಗದು. ಪ್ರಾಣಿಗೆ ತೊದಲು ಮಾತನ್ನೂ ಕೊಡಬೇಡಿ. ಕರಿಯನಿಗೆ ನಾನು ತೋಟದ ಲೆಕ್ಕ ಬರೆಯುವ ರೈಟರ್ ಆಳುಗಳ ಹಾಜರಿ ಕೂಗುವ ಗತ್ತು ಕೊಟ್ಟಿದ್ದೇನೆ: ‘ಒಂದನೇ ರೊಟ್ಟಿ, ಯಜಮಾನರಿಗೆ. ಎರಡನೇದು, ಯಜಮಾನರಿಗೆ. ಮೂರನೇದು... ಲೆಕ್ಕ ತಪ್ಪಿದೆ ಅಮ್ಮಾವ್ರೇ.’ ಮಳೆಗಾಲದಲ್ಲಿ ಶೀಟಿನ ಮಾಡಿನ ಸದ್ದಿಗೆ ಏನೂ ಕೇಳಿಸದು. ಕಂಬಳಿ ಹೊದ್ದು ಒಳಗೆ ಕುಳಿತು ದನಿ ಮುದ್ರಿಸಿಕೊಳ್ಳಿ.

ಅಂದಹಾಗೆ, ಆ ಮೂರನೇ ರೊಟ್ಟಿಯ ಚೂರನ್ನು ರೆಕಾರ್ಡಿಂಗ್ ನಿಲ್ಲಿಸಿದ ಕೂಡಲೇ ಕೊಟ್ಟುಬಿಡಿ. ನಾನು ಒಮ್ಮೆ ಮರೆತೆ. ಮರುದಿನ ಕರಿಯ ಹೊಸ್ತಿಲಿಗೆ ಬಂದ, ಸೇರಿಗೆ ಒರಗಿದ್ದ ಮೊಬೈಲ್ ನೋಡಿದ, ಬೆನ್ನು ತಿರುಗಿಸಿ ಕುಳಿತ.