"ಆಯ್ತು" ಅನ್ನುವ ಮೊದಲು ಒಂದು ಉಸಿರು

ಬೆಳಿಗ್ಗೆ ಏಳುವಾಗಲೇ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ದವಡೆ ನೋಯುತ್ತಿತ್ತು, ಹೆಗಲು ಕಲ್ಲಾಗಿರುತ್ತಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ, ಬಿಪಿ, ಥೈರಾಯ್ಡ್ ಎಲ್ಲಾ ಸರಿಯಾಗಿಯೇ ಇತ್ತು. "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಅಂದರು. ಹೇಗೆ ಅಂತ ಕೇಳುವುದಕ್ಕೆ ಆಗ ತೋಚಲಿಲ್ಲ.

ಉಸಿರಾಟದಿಂದ ಶುರು ಮಾಡಿದೆ. ಮೊದಲ ವಾರ ಪೂರ್ತಿ ತಪ್ಪಾಗಿ ಮಾಡಿದೆ. ದೀರ್ಘವಾಗಿ ಉಸಿರಾಡುವುದು ಅಂದರೆ ಎಷ್ಟಾಗುತ್ತೋ ಅಷ್ಟು ಗಾಳಿ ಒಳಗೆ ಎಳೆಯುವುದು ಅಂದುಕೊಂಡಿದ್ದೆ. ಎದೆ ಉಬ್ಬಿಸಿ ಜೋರಾಗಿ ಎಳೆದು, ಜೋರಾಗಿ ಬಿಡುತ್ತಿದ್ದೆ. ಎರಡು ನಿಮಿಷಕ್ಕೆ ತಲೆ ತಿರುಗಿ ಬೆರಳ ತುದಿಯೆಲ್ಲಾ ಜುಮ್ ಅನ್ನುತ್ತಿತ್ತು. ಹಾಗೆ ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿಬಿಡುತ್ತದೆ, ಮೆದುಳಿಗೆ ಹೋಗುವ ರಕ್ತನಾಳಗಳು ಕಿರಿದಾಗುತ್ತವೆ. ತಲೆಸುತ್ತು ಅದರಿಂದಲೇ. ಇದು ಗೊತ್ತಿಲ್ಲದೆ ಎಷ್ಟೋ ಜನ "ನನಗೆ ಇದು ಆಗಿಬರಲ್ಲ" ಅಂತ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಆಮೇಲೆ ಎಳೆಯುವುದನ್ನು ಬಿಟ್ಟು, ಬಿಡುವುದರ ಕಡೆ ಗಮನ ಕೊಟ್ಟೆ. ಒಂದು ಕೈ ಎದೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ. ಮೇಲಿನ ಕೈ ಅಲ್ಲಾಡಬಾರದು, ಕೆಳಗಿನದು ಮೆಲ್ಲಗೆ ಏಳಬೇಕು. ಮೂಗಿನಲ್ಲೇ 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಒಂದು ಉಸಿರಿಗೆ 10 ಸೆಕೆಂಡು, ಅಂದರೆ ನಿಮಿಷಕ್ಕೆ 6. ಸುಮ್ನೆ ಕೂತಿರುವಾಗ ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಹಾಗಾಗಿ ಮೊದಮೊದಲು 6 ತುಂಬಾ ನಿಧಾನ ಅನಿಸುತ್ತದೆ. ನನಗೆ 3 ಒಳಗೆ, 4 ಹೊರಗೆ ಅಂತ ಶುರು ಮಾಡಬೇಕಾಯಿತು.

ಇದರಲ್ಲಿ ನನಗೆ ನಂಬಿಕೆ ಬಂದದ್ದು ನಾಡಿ ಹಿಡಿದು ನೋಡಿದ ದಿನ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳು ಇಟ್ಟುಕೊಂಡು ನಿಧಾನಕ್ಕೆ ಉಸಿರಾಡಿದೆ. ಒಳಗೆ ಎಳೆದುಕೊಳ್ಳುವಾಗ ಬಡಿತ ಒಂಚೂರು ಚುರುಕಾಯಿತು. ಬಿಡುವಾಗ ಬಡಿತಗಳ ನಡುವಿನ ಅಂತರ ಹಿಗ್ಗಿತು. ಮತ್ತೆ ನೋಡಿದೆ, ಮತ್ತೂ ಹಾಗೇ. ಮೆದುಳಿನ ಬುಡದಿಂದ ಹೃದಯದವರೆಗೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಅನ್ನುವ ನರ ಹೃದಯಕ್ಕೆ ಕಡಿವಾಣದ ಹಾಗೆ. ಉಸಿರು ಬಿಡುವಾಗ ಆ ಕಡಿವಾಣ ಬಿಗಿಯಾಗುತ್ತದೆ, ಬಡಿತ ನಿಧಾನವಾಗುತ್ತದೆ. ಹೃದಯಕ್ಕೆ "ನಿಧಾನ" ಅಂತ ನೇರವಾಗಿ ಹೇಳಲು ನನ್ನ ಕೈಲಿ ಆಗಲ್ಲ. ಉಸಿರಿನ ಮೂಲಕ ಹೇಳಬಹುದು! ಆ ಸಂಜೆ ಎಷ್ಟೋ ಹೊತ್ತು ಬೆರಳು ತೆಗೆಯದೆ ಹಾಗೇ ಕೂತಿದ್ದೆ.

ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಓಡಲಿ. ಓಡಿದ್ದು ಗೊತ್ತಾದ ತಕ್ಷಣ ಬೈದುಕೊಳ್ಳದೆ ಉಸಿರಿಗೆ ವಾಪಸ್ ಬರುವುದೇ ಅಭ್ಯಾಸ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್‌ಜಿನ್ ಅವರು ಶುರು ಮಾಡಿದ ಒತ್ತಡ ಇಳಿಸುವ ತರಬೇತಿ 8 ವಾರದ್ದು. ನಾನೂ 8 ವಾರ ಆಗುವವರೆಗೆ "ಉಪಯೋಗ ಆಯ್ತಾ, ಇಲ್ವಾ" ಅಂತ ಲೆಕ್ಕ ಹಾಕಬಾರದು ಅಂದುಕೊಂಡೆ.

ಆದರೂ ಒಂದು ಕೊರತೆ ಉಳಿದಿತ್ತು. ಕೂತು ಉಸಿರಾಡಿದಾಗ ಹಗುರವಾಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಹೆಗಲು ಮತ್ತೆ ಕಿವಿಯ ಹತ್ತಿರ ಇರುತ್ತಿತ್ತು. ತೂತು ಬಿದ್ದ ದೋಣಿಯಲ್ಲಿ ಕೂತು, ನೀರು ಎಲ್ಲಿಂದ ಒಳಗೆ ಬರುತ್ತಿದೆ ಅಂತ ನೋಡದೆ ಬರೀ ಮೊಗೆದು ಹಾಕುತ್ತಿದ್ದೆ ಅನಿಸಿತು. ಅದಕ್ಕೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಮೈ ಬಿಗಿಯಾದದ್ದು ಗೊತ್ತಾದಾಗಲೆಲ್ಲ ಮೂರು ಸಾಲು. ಈಗ ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಆ ಗಳಿಗೆ ನನಗೆ ನಾನೇ ಏನು ಹೇಳಿಕೊಂಡೆ.

ಮೊದಮೊದಲು ಎಲ್ಲಾ ದೂರುಗಳೇ. ಕೆಲಸ ಜಾಸ್ತಿ, ಟೈಮ್ ಇಲ್ಲ, ಯಾರಿಗೂ ಅರ್ಥ ಆಗಲ್ಲ. ಮೂರು ವಾರ ಕಳೆದ ಮೇಲೆ ಕೂತು ಮೊದಲಿಂದ ಓದಿದೆ. "ಉಸಿರು ಹಿಡಿದಿದ್ದೆ" ಅನ್ನುವ ಮಾತು ಮತ್ತೆ ಮತ್ತೆ ಬಂದಿತ್ತು. ಹೆಚ್ಚು ಸಲ ಅದು ಕೆಲಸ ಮಾಡುವಾಗ ಆದದ್ದಲ್ಲ. ಯಾರೋ ಏನನ್ನೋ ಕೇಳಿದಾಗ. ಫೋನಿನಲ್ಲಿ ಮೆಸೇಜ್ ಬಂದಿದೆ, ಹೆಬ್ಬೆರಳು ಅದರ ಮೇಲೆ ನಿಂತಿದೆ, ಉಸಿರು ನಿಂತಿದೆ, ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿದೆ. ಪೂರ್ತಿ ಓದುವ ಮೊದಲೇ "ಆಯ್ತು, ಮಾಡ್ತೀನಿ" ಅಂತ ಕಳಿಸಿ ಆಗಿದೆ. ಮೂರನೇ ಸಾಲಿನಲ್ಲಿ ಬಹಳ ಕಡೆ ಇದ್ದದ್ದು ಒಂದೇ ಮಾತು: "ಇಲ್ಲ ಅಂದ್ರೆ ಬೇಜಾರು ಮಾಡ್ಕೋತಾರೆ."

ಅದನ್ನು ಓದಿ ಕಣ್ಣು ತುಂಬಿತು. ಇಷ್ಟು ದಿನ ಕೆಲಸವನ್ನು ದೂರಿದ್ದೆ. ನನ್ನನ್ನು ಸುಸ್ತು ಮಾಡುತ್ತಿದ್ದದ್ದು ಹೆದರಿ ಒಪ್ಪಿಕೊಂಡ ಕೆಲಸ.

ಅಲ್ಲಿಂದ ಅಭ್ಯಾಸ ಬದಲಾಯಿತು. ಬೆಳಿಗ್ಗೆಯ ಹತ್ತು ನಿಮಿಷ ಹಾಗೇ ಇದೆ. ಅದರ ಜೊತೆಗೆ, ಯಾರಿಗೇ ಉತ್ತರ ಕೊಡುವ ಮೊದಲು ಒಂದು ಉಸಿರು ಪೂರ್ತಿ ಹೊರಗೆ ಬಿಡುತ್ತೇನೆ. ಹೊಟ್ಟೆ ಸಡಿಲವಾಗುವವರೆಗೆ ಬಾಯಿ ತೆರೆಯುವುದಿಲ್ಲ. ಕೆಲವು ಸಲ ಆಗಲೂ "ಆಯ್ತು" ಅನ್ನುತ್ತೇನೆ, ಆದರೆ ಅದು ಯೋಚಿಸಿ ಹೇಳಿದ್ದು.

ಇನ್ನೊಂದು ಮಾತು ಹೇಳಲೇಬೇಕು. ಉಸಿರಿನ ಮೇಲೆ ಗಮನ ಇಟ್ಟರೆ ಕೆಲವರಿಗೆ ಗಾಬರಿ ಜಾಸ್ತಿ ಆಗುತ್ತದೆ. ಹಾಗಾದರೆ ಹಠ ಬೇಡ. ಪಾದ ನೆಲಕ್ಕೆ ತಾಗಿರುವ ಕಡೆ ಗಮನ ಕೊಟ್ಟು, ಉಸಿರನ್ನು ಅದರ ಪಾಡಿಗೆ ಬಿಡಿ. ಎದೆನೋವು ಇದ್ದರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಉಸಿರಾಟದ ಅಭ್ಯಾಸ ಬದಲಿ ಅಲ್ಲ.

ಮೊನ್ನೆ ಒಬ್ಬರು ಫೋನ್ ಮಾಡಿ, ಈ ವಾರವೇ ಒಂದು ಕೆಲಸ ಮುಗಿಸಿಕೊಡಿ ಅಂದರು. ಎದೆ ಬಿಗಿಯಾಯಿತು. ಉಸಿರು ಬಿಟ್ಟೆ. ಆ ಕಡೆ ಅವರೂ ಸುಮ್ಮನಿದ್ದರು. "ಈ ವಾರ ಆಗಲ್ಲ, ಮುಂದಿನ ವಾರ ಆದ್ರೆ ಮಾಡ್ತೀನಿ" ಅಂದೆ. "ಓ, ಸರಿ. ಹಾಗಾದ್ರೆ ಸೋಮವಾರ ಮಾತಾಡೋಣ" ಅಂದರು.